ನಲ್ಗೊಂಡದ ನೀರು ಮತ್ತು ಬೆನ್ನುಹುರಿ

ನರರೋಗವೆಂದೊಡನೆ ಮಿದುಳಿನಲ್ಲಿ ಅಥವಾ ನರಗಳಲ್ಲಿ ದೋಷವನ್ನರಸುವುದು ವಾಡಿಕೆ. ಆದರೆ ಹೈದರಾಬಾದಿನ ನರವೈದ್ಯರು ದೀರ್ಘಕಾಲ ಕಂಡ ಒಂದು ಬಗೆಯ ಅಂಗಬಲಹೀನತೆಯ ಮೂಲವು ರೋಗಿಯ ಊರಿನ ಬಾವಿಯಲ್ಲಿದೆ. ನಗರಕ್ಕೆ ಸಮೀಪದ ನಲ್ಗೊಂಡ ಜಿಲ್ಲೆಯು ಇದಕ್ಕೆ ಪ್ರಸಿದ್ಧ ನಿದರ್ಶನ.

ಈ ವ್ಯಾಧಿಯ ನರಸಂಬಂಧವಾದ ಲಕ್ಷಣಗಳು 1937ರಲ್ಲಿ ಮದ್ರಾಸು ಪ್ರಾಂತ್ಯದಿಂದ ಮೊದಲು ವರದಿಯಾದವು. 1955ರಲ್ಲಿ ಸಿದ್ದೀಕಿಯವರು ನಲ್ಗೊಂಡದ ರೋಗಿಗಳ ವಿಚಾರವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು.

ಆ ಸೀಮೆಯ ಗ್ರಾನೈಟ್ ಶಿಲೆಯ ಬಿರುಕುಗಳಲ್ಲಿ ನಿಂತ ನೀರು ಶಿಲೆಯೊಳಗಣ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿದ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದನ್ನು ಮೀರಿದ ನೀರನ್ನು ಬಾಲ್ಯದಲ್ಲಿ ಕುಡಿದವರ ಹಲ್ಲುಗಳ ಮೇಲೆ ಕಂದು ಕಲೆಗಳು ಮೂಡುತ್ತವೆ. ಅಂಶವು ಇನ್ನೂ ಹೆಚ್ಚಿದ್ದು, ಸೇವನೆ ವರ್ಷಾನುಗಟ್ಟಲೆ ನಡೆದರೆ, ಎಲುಬು ದಪ್ಪವಾಗಿ, ಅದರ ಕಟ್ಟುಗಳು ಸುಣ್ಣಗಟ್ಟಿ, ಬೆನ್ನು ಬಾಗದಾಗುತ್ತದೆ. ಬಿಸಿಲಿನಲ್ಲಿ ದುಡಿಯುವವನು ಹೆಚ್ಚು ನೀರು ಕುಡಿಯುವುದರಿಂದ ಅವನಿಗೇ ಅಪಾಯ ಅಧಿಕ. ಪೋಷಣೆಯ ಕೊರತೆ ಅದನ್ನು ಉಲ್ಬಣಗೊಳಿಸುತ್ತದೆ. ಕಡೆಗೆ ಬೆನ್ನೆಲುಬಿನ ಒಳನಾಳವು ಕಿರಿದಾಗಿ ಬೆನ್ನುಹುರಿಯನ್ನು ಅದುಮುತ್ತದೆ. ಕಾಲುಗಳು ಸೆಟೆದು ಶಕ್ತಿಗುಂದುತ್ತವೆ. ಕತ್ತಿನ ಭಾಗದಲ್ಲಿ ಒತ್ತಡವಿದ್ದರೆ ಕೈಗಳೂ ಸೋಲುತ್ತವೆ.

ಫ್ಲೋರೈಡು ನರವನ್ನೇ ನೇರವಾಗಿ ಕೆಡಿಸುವುದೆ? ಅದಕ್ಕೆ ಆಧಾರ ದೊರೆತಿಲ್ಲವೆಂದೂ ಎಲುಬಿನ ಒತ್ತಡವೇ ಕಾರಣವೆಂದೂ ಹೈದರಾಬಾದಿನ ನರಶಸ್ತ್ರವೈದ್ಯ ಡಾ. ಡಿ. ರಾಜಾ ರೆಡ್ಡಿಯವರು 2009ರಲ್ಲಿ ಪ್ರತಿಪಾದಿಸಿದರು. ಒತ್ತುವ ಎಲುಬನ್ನು ತೆಗೆಯುವ ಶಸ್ತ್ರಕ್ರಿಯೆ ಉಂಟು. ಆದರೆ ಅದರ ಪ್ರಯೋಜನ ಪರಿಮಿತವೆಂಬುದೂ ಅವರದೇ ಅಭಿಪ್ರಾಯ. ಆದಕಾರಣ ವೈದ್ಯನ ಪ್ರಶ್ನೆ ನೋವೆಲ್ಲಿ ಎಂಬಲ್ಲಿಗೆ ನಿಲ್ಲದೆ, ನೀರೆಲ್ಲಿಯದು ಎಂಬುದನ್ನೂ ಮುಟ್ಟಬೇಕಾಗುತ್ತದೆ.

ಪರಿಹಾರವು ನೀರಿನಲ್ಲಿಯೇ ಇದೆ. ನೀರನ್ನು ಕುದಿಸಿದರೆ ಫ್ಲೋರೈಡು ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಪಟಿಕ, ಸುಣ್ಣಗಳನ್ನು ಬೆರೆಸಿ, ಕದಡಿ, ತಿಳಿಯಾಗಿಸುವ ವಿಧಾನವನ್ನು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನ ಸಂಸ್ಥೆಯು 1970ರ ದಶಕದಲ್ಲಿ ರೂಪಿಸಿತು; ಅದಕ್ಕೆ ನಲ್ಗೊಂಡ ವಿಧಾನವೆಂದೇ ಹೆಸರು. ನದಿಯ ನೀರನ್ನು ಹಳ್ಳಿಗಳಿಗೆ ತರುವುದು ಇನ್ನೂ ಭದ್ರವಾದ ಮಾರ್ಗ.

ಹೈದರಾಬಾದಿನ ಕನ್ನಡಿಗರಿಗೆ ಇದು ಪರರ ವಿಷಯವಲ್ಲ. 1956ರವರೆಗೆ ಇದೇ ಸಂಸ್ಥಾನಕ್ಕೆ ಸೇರಿದ್ದ ರಾಯಚೂರು ಸೀಮೆಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿಯೂ ಫ್ಲೋರೈಡು ಮಿತಿಮೀರಿದೆ. ಊರಿನ ಮಕ್ಕಳ ಹಲ್ಲಿನಲ್ಲಿ ಕಲೆ ಕಂಡಾಗಲೇ ಬಾವಿಯ ನೀರನ್ನು ಪರೀಕ್ಷಿಸಿದಲ್ಲಿ, ಅವರ ಬೆನ್ನುಹುರಿಯನ್ನು ಕಾಪಾಡಲು ಇನ್ನೂ ಕಾಲಾವಕಾಶವಿರುತ್ತದೆ.