ತಲೆಯ ಪೆಟ್ಟು: ಕಾಣದ ಗಾಯ ಮತ್ತು ಪರಿಹಾರದ ಹಕ್ಕು

ಪುಣೆ ನಗರದ ಅಂಚಿನಲ್ಲಿ, ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯ ಕಡೆಗೆ ಮುಂಬಯಿ-ಬೆಂಗಳೂರು ಹೆದ್ದಾರಿಯು ಉದ್ದಕ್ಕೂ ಇಳಿಜಾರಾಗಿ ಸಾಗುತ್ತದೆ. 2022ರ ನವೆಂಬರ್ 20ರ ರಾತ್ರಿ ಇಲ್ಲಿ ಭಾರಿ ವಾಹನವೊಂದು ಢಿಕ್ಕಿ ಹೊಡೆದ ಪರಿಣಾಮವಾಗಿ ಹಲವಾರು ವಾಹನಗಳು ಜಖಂಗೊಂಡವು. ಬೆಳಗಾವಿ, ಹುಬ್ಬಳ್ಳಿ ಕಡೆಯ ಕನ್ನಡಿಗರು ಪುಣೆಯನ್ನು ಪ್ರವೇಶಿಸುವುದು ಇದೇ ರಸ್ತೆಯಿಂದ. ವಿಜಯಪುರ, ಕಲಬುರಗಿ ಜಿಲ್ಲೆಗಳಿಂದಲೂ ಜತ್ತ, ಅಕ್ಕಲಕೋಟೆ ಭಾಗಗಳಿಂದಲೂ ಕಟ್ಟಡ ಕೆಲಸಕ್ಕಾಗಿ ಅನೇಕ ಕುಟುಂಬಗಳು ಪುಣೆಗೆ ಬರುತ್ತವೆ. ಅಪಘಾತದ ಸುದ್ದಿಯಲ್ಲಿ ಸತ್ತವರ ಲೆಕ್ಕ ಕಾಣುತ್ತದೆ. ತಲೆಗೆ ಪೆಟ್ಟು ಬಿದ್ದು ಬದುಕುಳಿದವರ ಮುಂದಿನ ಬಾಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಕೈಕಾಲು ಮುರಿದರೆ ಅದು ಎಲ್ಲರಿಗೂ ಕಾಣುತ್ತದೆ. ಮಿದುಳಿನ ಗಾಯ ಹಾಗಲ್ಲ. ಗಾಯಾಳುವಿನ ಪ್ರಜ್ಞೆಯ ಮಟ್ಟವನ್ನು ವೈದ್ಯರು ಗ್ಲಾಸ್ಗೋ ಮಾಪಕದಲ್ಲಿ 3ರಿಂದ 15ರವರೆಗಿನ ಅಂಕಗಳಲ್ಲಿ ಗುರುತಿಸುತ್ತಾರೆ. 13ರಿಂದ 15 ಅಂಕ ಬಂದರೆ ಅಲ್ಪ ಗಾಯವೆಂದೂ, 8 ಮತ್ತು ಅದಕ್ಕಿಂತ ಕಡಿಮೆಯಾದರೆ ತೀವ್ರ ಗಾಯವೆಂದೂ ಪರಿಗಣಿಸಲಾಗುತ್ತದೆ. ಆದರೆ ಅಲ್ಪವೆಂದು ದಾಖಲಾದ ಗಾಯವೂ ಕೆಲವರಲ್ಲಿ ದೀರ್ಘಕಾಲದ ತೊಂದರೆಯನ್ನು ಉಂಟುಮಾಡಬಹುದು. ವಯಸ್ಸಾದವರಲ್ಲಿ ತಲೆಬುರುಡೆಯ ಒಳಗೆ ನಿಧಾನವಾಗಿ ರಕ್ತ ಸಂಗ್ರಹವಾಗಿ, ವಾರಗಳ ನಂತರ ತೊಂದರೆ ತೋರುವುದುಂಟು. ಮೂರ್ಛೆರೋಗವು ತಿಂಗಳುಗಳ ಬಳಿಕ ಆರಂಭವಾಗಬಹುದು.

ಮಿದುಳಿನ ಮುಂಭಾಗಕ್ಕೆ ಪೆಟ್ಟಾದಾಗ ಕುಟುಂಬವು ಹೆಚ್ಚಿನ ಗೊಂದಲಕ್ಕೆ ಒಳಗಾಗುತ್ತದೆ. ಗಾಯಾಳು ನಡೆಯುತ್ತಾನೆ, ಉಣ್ಣುತ್ತಾನೆ, ಮಾತನಾಡುತ್ತಾನೆ; ಆದರೆ ಬೆಳಿಗ್ಗೆ ಹೇಳಿದ್ದು ಸಂಜೆಗೆ ನೆನಪಿರುವುದಿಲ್ಲ. ಸಣ್ಣ ಮಾತಿಗೆ ಸಿಡಿದೇಳುತ್ತಾನೆ. ಹಣದ ಲೆಕ್ಕ ಹತ್ತುವುದಿಲ್ಲ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುತ್ತಾನೆ. ಗೋಡೆಯನ್ನು ನೇರವಾಗಿ ಏರಿಸಬಲ್ಲ ಗೌಂಡಿಯೊಬ್ಬ ಮರಳು-ಸಿಮೆಂಟಿನ ಪ್ರಮಾಣವನ್ನೇ ಮರೆತರೆ, ಅವನ ಕೈಗಳು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ. ಮನೆಯವರು ಇದನ್ನು ಸೋಮಾರಿತನವೆಂದೋ ಕುಡಿತದ ಫಲವೆಂದೋ ತಿಳಿಯುವುದು ವಿಷಾದಕರ. ಇದು ಗಾಯದ ಪರಿಣಾಮ.

ನ್ಯಾಯಾಲಯದ ದೃಷ್ಟಿಯಿಂದ ಈ ಅಂಶವು ಬಹಳ ಮುಖ್ಯವಾದುದು. 2010ರಲ್ಲಿ ಸುಪ್ರೀಂ ಕೋರ್ಟು, ವೈದ್ಯರು ಬರೆದುಕೊಡುವ ಅಂಗವಿಕಲತೆಯ ಶೇಕಡಾ ಪ್ರಮಾಣವೇ ಗಳಿಕೆಯ ನಷ್ಟದ ಪ್ರಮಾಣವಾಗುವುದಿಲ್ಲವೆಂದು ಸ್ಪಷ್ಟಪಡಿಸಿತು. ಆ ವ್ಯಕ್ತಿಯ ಉದ್ಯೋಗವೇನು, ಗಾಯದ ನಂತರ ಅದನ್ನು ಆತ ಮಾಡಬಲ್ಲನೇ ಎಂಬುದನ್ನು ನ್ಯಾಯಮಂಡಳಿಯು ಪರಿಶೀಲಿಸಬೇಕು. ಆದುದರಿಂದ ಸಿ.ಟಿ. ಸ್ಕ್ಯಾನ್ ವರದಿಯೊಂದೇ ಸಾಲದು. ನೆನಪು, ಗಮನ, ವಿವೇಚನೆಗಳನ್ನು ಅಳೆಯುವ ಮನೋವೈಜ್ಞಾನಿಕ ಪರೀಕ್ಷೆಯ ವರದಿಯನ್ನೂ ಪಡೆಯುವುದು ಅಗತ್ಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ಪರೀಕ್ಷೆಗೆ ವ್ಯವಸ್ಥೆಯಿದೆ.

ಪರಿಹಾರದ ಮೊತ್ತ ಎಷ್ಟು ವ್ಯತ್ಯಾಸಗೊಳ್ಳಬಹುದೆಂಬುದಕ್ಕೆ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ನೀಡಿದ ತೀರ್ಪನ್ನು ನೋಡಬಹುದು. 2007ರಲ್ಲಿ, ತಂದೆತಾಯಿಯೊಡನೆ ಟ್ರಾಕ್ಟರಿನಲ್ಲಿ ಹೋಗುತ್ತಿದ್ದ 12 ವರ್ಷದ ಬಾಲಕಿಗೆ ಟ್ರಕ್ಕು ಢಿಕ್ಕಿ ಹೊಡೆದು ಮಿದುಳಿಗೆ ತೀವ್ರ ಹಾನಿಯಾಗಿತ್ತು. ಆಕೆಯ ಬುದ್ಧಿಯ ಮಟ್ಟ ಒಂಬತ್ತು ತಿಂಗಳ ಕೂಸಿನಷ್ಟಿತ್ತು. ನ್ಯಾಯಮಂಡಳಿ ಸುಮಾರು 11 ಲಕ್ಷ, ಹೈಕೋರ್ಟು ಸುಮಾರು 25 ಲಕ್ಷ ರೂಪಾಯಿಗಳನ್ನು ನೀಡಿದ್ದವು. ಸುಪ್ರೀಂ ಕೋರ್ಟು ಅದನ್ನು 62 ಲಕ್ಷಕ್ಕೂ ಮೇಲಕ್ಕೇರಿಸಿತು. ಇದರಲ್ಲಿ 21 ಲಕ್ಷ 60 ಸಾವಿರ ರೂಪಾಯಿ ಜೀವನಪರ್ಯಂತ ಆರೈಕೆ ಮಾಡುವ ಇಬ್ಬರು ಸಹಾಯಕರ ವೆಚ್ಚಕ್ಕಾಗಿಯೇ ಇತ್ತು. ಆರೈಕೆಗೂ ಬೆಲೆಯಿದೆ ಎಂಬುದನ್ನು ಗಂಡನನ್ನೋ ಮಗನನ್ನೋ ಹಗಲಿರುಳು ಕಾಯುವ ಹೆಂಗಸರು ತಿಳಿದಿರಬೇಕು. ಅರ್ಜಿಯಲ್ಲಿ ಆ ಬಾಬತ್ತನ್ನು ಬರೆಯದೆ ಬಿಡುವುದೇ ಹೆಚ್ಚು.

ಮೋಟಾರು ವಾಹನಗಳ ಅಧಿನಿಯಮ, 1988ರ 166ನೇ ಕಲಮಿನ ಪ್ರಕಾರ ಕ್ಲೇಮು ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಅಪಘಾತವು ಪುಣೆಯಲ್ಲಿ ನಡೆದಿದ್ದರೆ ಶಿವಾಜಿನಗರದ ನ್ಯಾಯಾಲಯಕ್ಕೇ ಹೋಗಬೇಕೆಂದಿಲ್ಲ. ಅರ್ಜಿದಾರರು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿಯೂ ಅರ್ಜಿ ಸಲ್ಲಿಸಲು ಕಾನೂನು ಅವಕಾಶ ನೀಡಿದೆ. ಇಂಡಿಯ ಕುಟುಂಬವೊಂದು ಸ್ವಂತ ಜಿಲ್ಲೆಯಲ್ಲಿಯೇ, ಕನ್ನಡ ಬಲ್ಲ ವಕೀಲರ ಮೂಲಕ ಪ್ರಕರಣವನ್ನು ನಡೆಸಬಹುದು. ಗಾಯಾಳುವಿಗೆ ತಿಳಿವಳಿಕೆ ಇಲ್ಲದಿದ್ದರೆ ಹತ್ತಿರದ ಬಂಧುವು ಅವನ ಪರವಾಗಿ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಅರ್ಜಿಗೆ ಆರು ತಿಂಗಳ ಕಾಲಮಿತಿ ವಿಧಿಸಲಾಗಿದೆ. ಅವಧಿ ಮೀರಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ನೀಡಿತು. ಆದರೂ ಆ ಭರವಸೆಯ ಮೇಲೆ ತಡಮಾಡುವುದು ಸರಿಯಲ್ಲ.

ತಪ್ಪು ಯಾರದೆಂದು ರುಜುವಾತುಪಡಿಸಲಾಗದಿದ್ದರೂ 164ನೇ ಕಲಮಿನಡಿ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ದೊರೆಯುತ್ತದೆ. ಆದರೆ ಈ ಕಲಮಿನ ಹಣವನ್ನು ಒಪ್ಪಿಕೊಂಡರೆ 166ನೇ ಕಲಮಿನ ಕ್ಲೇಮು ಅಲ್ಲಿಗೆ ಮುಗಿಯುತ್ತದೆ. ಮಿದುಳಿನ ಗಾಯದಲ್ಲಿ ಮೊದಲ ತಿಂಗಳುಗಳಲ್ಲಿ ನಷ್ಟದ ಪೂರ್ಣ ಪ್ರಮಾಣ ತಿಳಿಯುವುದೇ ಇಲ್ಲವಾದ್ದರಿಂದ ಅವಸರದ ರಾಜಿ ಅಪಾಯಕಾರಿ. ಢಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದಲ್ಲಿ ತೀವ್ರ ಗಾಯಕ್ಕೆ ಸಿಗುವುದು 50 ಸಾವಿರ ರೂಪಾಯಿ ಮಾತ್ರ.

ಕಟ್ಟಡದಿಂದ ಬಿದ್ದು ತಲೆಗೆ ಪೆಟ್ಟಾದವರಿಗೆ 2025ರ ನವೆಂಬರಿನವರೆಗೆ ನೌಕರರ ಪರಿಹಾರ ಅಧಿನಿಯಮ, 1923 ಅನ್ವಯಿಸುತ್ತಿತ್ತು. ಅದರಲ್ಲಿ ಕಾಲಮಿತಿ ಎರಡು ವರ್ಷವಿತ್ತು. ತಮ್ಮ ವಾಸಸ್ಥಳದ ಆಯುಕ್ತರ ಮುಂದೆಯೂ ಅರ್ಜಿ ಸಲ್ಲಿಸಬಹುದಿತ್ತು. ಕೆಲಸದ ವೇಳೆಯಲ್ಲಿಯೇ ವಾಹನ ಅಪಘಾತವಾಗಿದ್ದರೆ ಎರಡು ಕಾನೂನುಗಳಲ್ಲಿ ಒಂದನ್ನು ಆಯ್ದುಕೊಳ್ಳಬೇಕಿತ್ತು.

ಪುಣೆಯಲ್ಲಿ 2019ರ ಜನವರಿಯಿಂದ ಪೊಲೀಸರು ಹೆಲ್ಮೆಟ್ ನಿಯಮವನ್ನು ಬಿಗಿಗೊಳಿಸಿದಾಗ ವಿರೋಧ ಸಮಿತಿಯೇ ಹುಟ್ಟಿಕೊಂಡಿತ್ತು. ಹೆಲ್ಮೆಟ್ ಧರಿಸಿರಲಿಲ್ಲವೆಂದ ಮಾತ್ರಕ್ಕೆ ಅರ್ಜಿಯ ಹಕ್ಕು ಹೋಗುವುದಿಲ್ಲ. ಆದರೆ ಹೋದ ನೆನಪು ಪರಿಹಾರದ ಹಣದಿಂದ ಬರುವುದಿಲ್ಲ.

2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ದೊರೆಯಬೇಕು. ಕರೆಯಬೇಕಾದ ಸಂಖ್ಯೆ 112. ಮಹಿಳೆಯರು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಉಚಿತ ಕಾನೂನು ನೆರವಿಗೆ 15100ಕ್ಕೆ ದೂರವಾಣಿ ಮಾಡಬಹುದು. ಪುಣೆಯಿಂದ ಊರಿಗೆ ಮರಳುವ ಮೊದಲು ಪ್ರಥಮ ವರ್ತಮಾನ ವರದಿ, ಸ್ಥಳ ಪಂಚನಾಮೆ, ಆಸ್ಪತ್ರೆಯ ಬಿಡುಗಡೆ ಪತ್ರ, ಸ್ಕ್ಯಾನ್ ಫಿಲ್ಮು, ಔಷಧಿಯ ರಸೀದಿಗಳನ್ನು ಸಂಗ್ರಹಿಸಿಕೊಳ್ಳತಕ್ಕದ್ದು. ಪೊಲೀಸ್ ಕಾಗದಗಳು ಮರಾಠಿಯಲ್ಲಿರುವುದರಿಂದ ಕರ್ನಾಟಕದಲ್ಲಿ ಸಲ್ಲಿಸುವಾಗ ಅವುಗಳ ಅನುವಾದವೂ ಬೇಕಾಗುತ್ತದೆ.