ಶಿಖರ ಏರಿದವರು ವೇದಿಕೆ ಏರಿದಾಗ

ಪರ್ವತಾರೋಹಿಗಳ ಭಾಷಣ ಕೇಳುವುದು ನನಗೆ ಹಳೆಯ ಚಟ. ಸ್ಲೈಡುಗಳು ‘ಟಕ್’ ಎಂಬ ಸದ್ದಿನೊಂದಿಗೆ ಒಂದರ ಹಿಂದೊಂದು ಬಿಳಿಯ ಪರದೆಯ ಮೇಲೆ ಬೀಳುತ್ತಿದ್ದ ದಿನಗಳಿಂದ ಡ್ರೋನ್ ಚಿತ್ರಗಳ ಈ ದಿನಗಳವರೆಗೆ ಬೆಂಗಳೂರಿನ ಎಷ್ಟೋ ಸಭಾಂಗಣಗಳಲ್ಲಿ ಅವರ ಮಾತಿಗೆ ಕಿವಿಗೊಟ್ಟಿದ್ದೇನೆ. ಶಿವಗಂಗೆಯ ಮೆಟ್ಟಿಲು ಹತ್ತುವಷ್ಟರಲ್ಲೇ ಏದುಸಿರು ಬಿಡುವ ನನ್ನಂಥವನಿಗೆ ಎಂಟು ಸಾವಿರ ಮೀಟರ್ ಎತ್ತರದ ಗಾಳಿಯ ಸುದ್ದಿ ದೊರೆಯುವುದು ಅಲ್ಲಿ ಮಾತ್ರ. ಆದರೆ ಇತ್ತೀಚಿನ ವರ್ಷಗಳಲ್ಲಿ ಅಂಥ ಸಭೆಗಳಿಂದ ಹೊರಬರುವಾಗ ಒಂದು ಪ್ರಶ್ನೆ ಬೆನ್ನು ಬಿಡುವುದಿಲ್ಲ: ನಾವು ಕೇಳಿದ್ದು ಪರ್ವತದ ಕಥೆಯೋ, ವೇದಿಕೆಯ ಅಳತೆಗೆ ಕತ್ತರಿಸಿ ಹೊಲಿದ ಕಥೆಯೋ?

ಸಾಹಸಕ್ಕೂ ವೇದಿಕೆಗೂ ಇರುವ ನಂಟಿನ ಗಂಟು ಇರುವುದು ಹಣದಲ್ಲಿ. ಧ್ರುವಪ್ರದೇಶಕ್ಕೋ ಹಿಮಾಲಯಕ್ಕೋ ಹೊರಟವರು ಸಾಲ ಮಾಡಿ ಹೋಗುತ್ತಿದ್ದರು. ಬದುಕಿ ಬಂದರೆ ಭಾಷಣ ಮಾಡಿ ತೀರಿಸುತ್ತಿದ್ದರು. ಅಂಟಾರ್ಕ್ಟಿಕದ ಮಂಜಿನಲ್ಲಿ ‘ಎಂಡ್ಯುರೆನ್ಸ್’ ಹಡಗನ್ನು ಕಳೆದುಕೊಂಡ ಅರ್ನೆಸ್ಟ್ ಶ್ಯಾಕಲ್ಟನ್ 1919ರ ಡಿಸೆಂಬರಿನಿಂದ ಸುಮಾರು ಐದು ತಿಂಗಳು ಲಂಡನ್ನಿನ ಫಿಲ್‌ಹಾರ್ಮೋನಿಕ್ ಹಾಲ್‌ನಲ್ಲಿ ದಿನಕ್ಕೆರಡು ಬಾರಿ ಅದೇ ಕಥೆ ಹೇಳಿದರು. ಹಿಂದೆ ಫ್ರಾಂಕ್ ಹರ್ಲಿ ತೆಗೆದ ಚಿತ್ರಗಳು. ಹಡಗು ನಜ್ಜುಗುಜ್ಜಾದಾಗ ಹೊರುವುದು ಅಸಾಧ್ಯವೆಂದು ಹರ್ಲಿ ಸುಮಾರು 400 ಗಾಜಿನ ಫಲಕಗಳನ್ನು ಮಂಜಿನ ಮೇಲೆಯೇ ಒಡೆದುಹಾಕಿ ಸುಮಾರು 120ನ್ನು ಮಾತ್ರ ಉಳಿಸಿಕೊಂಡಿದ್ದರು. ತನ್ನ ಹಡಗು ಮುಳುಗುವುದನ್ನು ದಿನಕ್ಕೆರಡು ಬಾರಿ ತಾನೇ ನಿಂತು ತೋರಿಸಬೇಕಾದ ಆ ಮನುಷ್ಯನ ಸ್ಥಿತಿಯನ್ನು ನೆನೆದಾಗಲೆಲ್ಲ ನನಗೆ ಕರುಳು ಚುರ್ರೆನ್ನುತ್ತದೆ.

ಇದೇ ಶ್ಯಾಕಲ್ಟನ್ ಇಂದು ಆಡಳಿತ ನಿರ್ವಹಣೆಯ ಉಪನ್ಯಾಸಕರ ಪಾಲಿಗೆ ಆರಾಧ್ಯ ದೈವ. ‘ಒಬ್ಬನನ್ನೂ ಕಳೆದುಕೊಳ್ಳದ ನಾಯಕ’ ಎಂದು ಅವರು ಹೇಳುವುದನ್ನು ನಾನೇ ಎರಡು ಮೂರು ಬಾರಿ ಕೇಳಿದ್ದೇನೆ. ‘ಎಂಡ್ಯುರೆನ್ಸ್’ನಲ್ಲಿದ್ದ 28 ಮಂದಿಯೂ ಉಳಿದದ್ದು ನಿಜ. ಆದರೆ ಅದೇ ಯಾತ್ರೆಯ ಇನ್ನೊಂದು ತಂಡ ಖಂಡದ ಆಚೆಯ ದಡದಲ್ಲಿ, ರಾಸ್ ಸಮುದ್ರದ ಕಡೆಯಿಂದ, ಶ್ಯಾಕಲ್ಟನ್ ನಡೆದು ಬರುವ ದಾರಿಗೆಂದು ಆಹಾರದ ದಾಸ್ತಾನು ಇಡುತ್ತ ಸಾಗಿತ್ತು. ಆ ತಂಡದ ಮೂವರು ಸತ್ತರು. ಅವರು ಇಟ್ಟ ಆಹಾರವನ್ನು ತಿನ್ನಲು ಯಾರೂ ಬರಲಿಲ್ಲ. ಶ್ಯಾಕಲ್ಟನ್ ತಮ್ಮ ಪುಸ್ತಕದಲ್ಲಿ ಅವರನ್ನು ಮರೆಯಲಿಲ್ಲ. ಮರೆತದ್ದು ಆತನ ಹೆಸರಿನಲ್ಲಿ ಪಾಠ ಹೇಳುವವರು.

ಎವರೆಸ್ಟ್‌ನ ಕಥೆ ಇನ್ನೂ ಕಹಿಯಾದುದು. 1922ರ ಜೂನ್ 7ರಂದು ಜಾರ್ಜ್ ಮ್ಯಾಲರಿ, ಹೊವಾರ್ಡ್ ಸಾಮರ್ವೆಲ್ ಮತ್ತು ಇನ್ನೊಬ್ಬ ಬ್ರಿಟಿಷ್ ಆರೋಹಿ 14 ಹೊರೆಯಾಳುಗಳೊಡನೆ ಹೊಸ ಹಿಮ ಬಿದ್ದಿದ್ದ ಇಳಿಜಾರನ್ನು ಏರುತ್ತಿದ್ದರು. ಹಿಮ ಕುಸಿಯಿತು. ಏಳು ಹೊರೆಯಾಳುಗಳು ಸತ್ತರು; ಬ್ರಿಟಿಷರಲ್ಲಿ ಒಬ್ಬರೂ ಸಾಯಲಿಲ್ಲ. ಮ್ಯಾಲರಿ ತಮ್ಮ ಪತ್ರಗಳಲ್ಲಿ ತಪ್ಪನ್ನು ತಮ್ಮ ತಲೆಯ ಮೇಲೆಯೇ ಹೊತ್ತುಕೊಂಡರು. ಸಾಮರ್ವೆಲ್ ಮುಂದೆ ನಮ್ಮ ದಕ್ಷಿಣಕ್ಕೇ ಬಂದು, ಅಂದಿನ ತಿರುವಾಂಕೂರಿನ ನೆಯ್ಯೂರಿನಲ್ಲಿ ದಶಕಗಳ ಕಾಲ ವೈದ್ಯರಾಗಿ ದುಡಿದರು. ಸತ್ತವರ ನಡುವೆ ಬ್ರಿಟಿಷನೊಬ್ಬನೂ ಇದ್ದಿದ್ದರೆ, ಅಪಾಯದಂತೆ ನಷ್ಟವನ್ನೂ ನಾವು ಹಂಚಿಕೊಂಡೆವೆಂದು ಉಳಿದವರಿಗೆ ತೋರುತ್ತಿತ್ತು, ಆ ಒಬ್ಬ ತಾನೇ ಆಗಿದ್ದರೂ ಸಂತೋಷವಿತ್ತು ಎಂಬರ್ಥದ ಮಾತನ್ನು ಅವರು 1936ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ.

ಆ ಸಾವುಗಳಾಗಿ ಏಳೆಂಟು ತಿಂಗಳಿಗೆ, 1923ರ ಆರಂಭದಲ್ಲಿ, ಮ್ಯಾಲರಿ ಅಮೆರಿಕದಲ್ಲಿ ಭಾಷಣ ಪ್ರವಾಸ ಮಾಡುತ್ತಿದ್ದರು. ಹಣ ಹೆಚ್ಚೇನೂ ಹುಟ್ಟಲಿಲ್ಲ. ಎವರೆಸ್ಟ್ ಏರುವುದೇಕೆ ಎಂಬ ಪ್ರಶ್ನೆಗೆ ‘ಅದು ಅಲ್ಲಿದೆ, ಅದಕ್ಕೇ’ ಎಂದರೆಂದು ಪತ್ರಿಕೆಯಲ್ಲಿ ಬಂತು. ಇಡೀ ಪ್ರವಾಸದಲ್ಲಿ ಜಗತ್ತು ನೆನಪಿಟ್ಟುಕೊಂಡದ್ದು ಆ ಒಂದು ಮಾತನ್ನು. ಅದು ಟೀ ಶರ್ಟುಗಳ ಮೇಲೂ ಬಂದಿದೆ. ಆ ಏಳು ಜನರ ಹೆಸರನ್ನು ನಮ್ಮ ಯಾವ ಸಭೆಯಲ್ಲೂ ನಾನು ಕೇಳಿಲ್ಲ.

1924ರಲ್ಲಿ ಮ್ಯಾಲರಿ ಶಿಖರದ ಬಳಿ ಕಣ್ಮರೆಯಾದರು. ಆ ತಂಡದ ಛಾಯಾಗ್ರಾಹಕ ಜಾನ್ ನೋಯೆಲ್ ಚಿತ್ರಗಳ ಹಕ್ಕಿಗಾಗಿ 8,000 ಪೌಂಡ್ ತೆರಲು ಒಪ್ಪಿದ್ದರು. ಅದನ್ನು ಹಿಂದಕ್ಕೆ ಗಳಿಸಬೇಕಿತ್ತು. ಆ ಚಳಿಗಾಲದಲ್ಲಿ ಲಂಡನ್ನಿನಲ್ಲಿ ಚಲನಚಿತ್ರದ ಪ್ರದರ್ಶನಕ್ಕೆ ಮುನ್ನ ಟಿಬೆಟಿನ ಗ್ಯಾಂತ್ಸೆಯಿಂದ ಕರೆತಂದ ಲಾಮಾಗಳನ್ನು ವೇದಿಕೆಯ ಮೇಲೆ ಕುಣಿಸಿದರು. ತಮ್ಮ ಧಾರ್ಮಿಕ ಆಚರಣೆ ಪರದೇಶದಲ್ಲಿ ಟಿಕೆಟಿನ ಆಟವಾದದ್ದೂ, ಟಿಬೆಟಿಗರು ಹೇನು ಹೆಕ್ಕಿ ತಿನ್ನುವರೆಂದು ಚಿತ್ರದಲ್ಲಿ ತೋರಿಸಿದ್ದೂ ಲ್ಹಾಸಾದ ಸರ್ಕಾರವನ್ನು ಕೆರಳಿಸಿತು. 1933ರವರೆಗೆ ಎವರೆಸ್ಟ್‌ಗೆ ಬ್ರಿಟಿಷ್ ತಂಡ ಹೋಗಲಾಗದಿದ್ದುದಕ್ಕೆ ಇದೂ ಒಂದು ಮುಖ್ಯ ಕಾರಣ. ವೇದಿಕೆಯನ್ನು ತುಂಬಿಸುವ ಆತುರ ಪರ್ವತದ ಬಾಗಿಲನ್ನೇ ಮುಚ್ಚಿಸಿತು!

ಹೊರೆ ಹೊತ್ತವರಿಗೂ ಮಾತು ಸಿಕ್ಕರೆ ಏನಾಗುತ್ತದೆ? 1953ರ ಮೇ 29ರ ಆ ಪ್ರಸಿದ್ಧ ಚಿತ್ರವನ್ನೇ ನೋಡಿ. ಶಿಖರದಲ್ಲಿ ತೇನ್‌ಸಿಂಗ್ ನೋರ್ಗೆ ಹಿಮಗೊಡಲಿ ಎತ್ತಿ ನಿಂತಿದ್ದಾರೆ. ಎಡ್ಮಂಡ್ ಹಿಲರಿಯ ಚಿತ್ರ ಇಲ್ಲ. ತೇನ್‌ಸಿಂಗ್ ಅದುವರೆಗೆ ಕ್ಯಾಮೆರಾ ಹಿಡಿದವರಲ್ಲ, ಕಲಿಸಲು ಶಿಖರ ತಕ್ಕ ಜಾಗವಲ್ಲ ಎಂದು ಹಿಲರಿ ಬರೆದರು. ಅಕ್ಷರ ಬಾರದ ತೇನ್‌ಸಿಂಗ್ ತಮ್ಮ ಆತ್ಮಕಥೆಯನ್ನು ಬಾಯಲ್ಲಿ ಹೇಳಿ ಬರೆಸಿದರು. ಅದು 1955ರಲ್ಲಿ ಬಂದಾಗ ಅದರಲ್ಲಿ ಬೇರೆಯೇ ಮಾತಿತ್ತು: ನಿಮ್ಮ ಚಿತ್ರ ತೆಗೆಯುತ್ತೇನೆಂದು ನಾನು ಸನ್ನೆ ಮಾಡಿದೆ, ಅವರು ಬೇಡವೆಂದು ತಲೆಯಾಡಿಸಿದರು. ಯಾರದು ಸರಿಯೆಂದು ತೀರ್ಪು ಕೊಡುವ ಉಸಾಬರಿ ನನಗೆ ಬೇಡ. ಮೊದಲು ಕಾಲಿಟ್ಟದ್ದು ಹಿಲರಿಯೇ ಎಂದು ಅದೇ ಪುಸ್ತಕದಲ್ಲಿ ಒಪ್ಪಿಕೊಂಡವರೂ ತೇನ್‌ಸಿಂಗ್ ಅವರೇ ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಇಂದಿನ ಎವರೆಸ್ಟ್‌ನಲ್ಲಿ ಪ್ರತಿ ವಸಂತದಲ್ಲೂ ಖುಂಬು ಹಿಮಪ್ರಪಾತಕ್ಕೆ ಏಣಿ ಜೋಡಿಸುವವರು, ತುದಿಯವರೆಗೆ ಹಗ್ಗ ಬಿಗಿಯುವವರು, ಹಣ ತೆತ್ತು ಬಂದವರ ಆಮ್ಲಜನಕದ ಸಿಲಿಂಡರು ಹೊತ್ತು ಇಡುವವರು ಬಹುಪಾಲು ಶೆರ್ಪಾಗಳೇ. 2014ರ ಏಪ್ರಿಲ್ 18ರಂದು ಅದೇ ಹಿಮಪ್ರಪಾತದಲ್ಲಿ 16 ಮಂದಿ ನೇಪಾಳಿ ದುಡಿಮೆಗಾರರು ಸತ್ತರು. ನಮ್ಮ ಭಾಷಣಗಳಲ್ಲಿ ಇವರು ಬರುವುದು ಕೊನೆಯ ‘ಕೃತಜ್ಞತೆಗಳು’ ಸ್ಲೈಡಿನಲ್ಲಿ, ಪ್ರಾಯೋಜಕರ ಲಾಂಛನಗಳ ಕೆಳಗೆ, ಅದೂ ‘ನಮ್ಮ ಶೆರ್ಪಾ’ ಎಂಬ ಏಕವಚನದಲ್ಲಿ. ಐಟಿ ಕಂಪನಿಗಳ ಸಭಾಂಗಣಗಳಲ್ಲಂತೂ ಪರ್ವತ ಎಂಬುದು ತ್ರೈಮಾಸಿಕ ಗುರಿಯ ಇನ್ನೊಂದು ಹೆಸರಾಗಿದೆ.

ಹೀಗೇ ಆಗಬೇಕೆಂದೇನೂ ಇಲ್ಲ. ಕೆಲವು ವರ್ಷಗಳ ಹಿಂದೆ ಇಂಥದೊಂದು ಸಭೆಯಲ್ಲಿ ವಯಸ್ಸಾದ ಶ್ರೋತೃವೊಬ್ಬರು ಎದ್ದು, ‘ಸ್ವಾಮಿ, ನೀವು ಹಿಡಿದು ಹತ್ತಿದ ಹಗ್ಗವನ್ನು ಅಲ್ಲಿ ಕಟ್ಟಿದವರು ಯಾರು?’ ಎಂದು ಕೇಳಿದರು. ಭಾಷಣಕಾರ ಯುವಕ ಒಂದು ಕ್ಷಣ ಸುಮ್ಮನಾದ. ಆಮೇಲೆ ತನ್ನ ಜೊತೆಗಿದ್ದ ಶೆರ್ಪಾನ ಹೆಸರು, ಊರು, ಅವನ ಮಗಳ ಓದು, ಇಳಿಯುವಾಗ ತನ್ನ ಕೈಗವಸು ಜಾರಿಹೋದಾಗ ಅವನು ಮಾಡಿದ ಉಪಾಯ ಎಲ್ಲವನ್ನೂ ಹೇಳತೊಡಗಿದ. ಸ್ಲೈಡುಗಳಿಲ್ಲದ ಆ ಹತ್ತು ನಿಮಿಷಕ್ಕೆ ಉಳಿದ ಒಂದೂವರೆ ಗಂಟೆ ಸಾಟಿಯಾಗಲಿಲ್ಲ.

2021ರ ಜನವರಿ 16ರಂದು ಹತ್ತು ಮಂದಿ ನೇಪಾಳಿಯರು 8,611 ಮೀಟರ್ ಎತ್ತರದ ಕೆ2 ಶಿಖರವನ್ನು ಚಳಿಗಾಲದಲ್ಲಿ ಮೊದಲ ಬಾರಿಗೆ ಏರಿದರು. ತುದಿಗೆ ಸುಮಾರು ಹತ್ತು ಮೀಟರ್ ಕೆಳಗೆ ಒಬ್ಬರಿಗಾಗಿ ಒಬ್ಬರು ಕಾದು, ರಾಷ್ಟ್ರಗೀತೆ ಹಾಡುತ್ತ ಒಟ್ಟಿಗೆ ಹೆಜ್ಜೆ ಹಾಕಿದರು. ಮೊದಲು ಕಾಲಿಟ್ಟವರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಎಡೆಯೇ ಇರಲಿಲ್ಲ. ಆ ಕಥೆಯನ್ನು ಜಗತ್ತಿಗೆ ಹೇಳಿದವರೂ ಅವರೇ.

ನಮ್ಮ ಸಂಘಟಕರು ಮುಂದಿನ ಬಾರಿ ಆರೋಹಿಯೊಬ್ಬರನ್ನು ಕರೆಯುವಾಗ ಅವರ ಜೊತೆ ಹಗ್ಗ ಹಂಚಿಕೊಂಡ ಶೆರ್ಪಾನಿಗೂ ಟಿಕೆಟು ಕಳುಹಿಸಲಿ, ಸಂಭಾವನೆಯನ್ನೂ ಸಮನಾಗಿ ಕೊಡಲಿ. ಭಾಷೆಯ ತೊಡಕು ಎಂದು ಹೇಳುವಂತಿಲ್ಲ. ನೇಪಾಳಿಯನ್ನೂ ಕನ್ನಡವನ್ನೂ ಬಲ್ಲವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನರಿದ್ದಾರೆ; ಎಷ್ಟೋ ಕಟ್ಟಡಗಳ ಬಾಗಿಲು ಕಾಯುತ್ತಿರುವವರೇ ಅವರು.