ಮುನ್ನೂರಕ್ಕೆ ಒಂದು ಕಮ್ಮಿ

ಚಿತ್ರದುರ್ಗ ಜಿಲ್ಲೆಯ ಕೊಂಡ್ಲಹಳ್ಳಿಯವರಿಗೆ ಚಳ್ಳಕೆರೆ ಎಂದರೆ ಶೇಂಗಾ, ಎಣ್ಣೆ ಮಿಲ್ಲು, ಕಂಬಳಿ. ಅದೇ ತಾಲ್ಲೂಕಿನ ಕಾವಲು ಭೂಮಿಯಲ್ಲಿ 2017ರಿಂದ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವೂ ಇದೆ. ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನ 2023 ಮತ್ತು 2024ರಲ್ಲಿ ಮೂರು ಸಲ ಇಳಿದದ್ದು ಅಲ್ಲಿಯೇ. ಹಾರಿತು, ಇಳಿಯಿತು, ಇನ್ನು ಅದರ ಲೋಹದ ಮೇಲೆ ಅನುಮಾನವೇಕೆ ಎನ್ನಬಹುದು. ಆದರೆ 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಡಿಸಿ-10 ವಿಮಾನ ನೆಲಕ್ಕಪ್ಪಳಿಸಿ 112 ಮಂದಿ ಸತ್ತರಲ್ಲ, ಅದರ ಬಾಲದ ಎಂಜಿನ್ನಿನಲ್ಲಿ ಒಡೆದ ಟೈಟೇನಿಯಂ ಡಿಸ್ಕು ಅದಕ್ಕೆ ಮೊದಲು ಹದಿನೈದು ಸಾವಿರಕ್ಕೂ ಹೆಚ್ಚು ಸಲ ಹಾರಿ ಇಳಿದಿತ್ತು! ಲೋಹದ ಸೂತ್ರದಲ್ಲಿ ತಪ್ಪಿರಲಿಲ್ಲ, ಶೇ 6 ಅಲ್ಯೂಮಿನಿಯಂ, ಶೇ 4 ವನೇಡಿಯಂ ಸೇರಿದ ಆ ಮಿಶ್ರಲೋಹ ಇವತ್ತಿಗೂ ಬಳಕೆಯಲ್ಲಿದೆ. ತಪ್ಪಿದ್ದು ಕುಲುಮೆಯಲ್ಲಿ. ಕರಗಿಸುವಾಗ ಸಾರಜನಕ ಸೇರಿ ಗಡುಸಾದ ಒಂದು ಕಣ ಉಳಿದುಕೊಂಡಿತ್ತು. ಅದು ಬಿಟ್ಟುಹೋದ ಕುಳಿ ಒಂದೂವರೆ ಮಿಲಿಮೀಟರಿಗಿಂತ ಚಿಕ್ಕದು. ಬಿರುಕು ಹುಟ್ಟಿದ್ದು ಅಲ್ಲಿ.

ಹಾಗಾಗಿ ಹಾರಾಟಕ್ಕೆ ಅರ್ಹತೆ ಪಡೆಯಬೇಕಾದದ್ದು ಸೂತ್ರವಷ್ಟೇ ಅಲ್ಲ, ಕರಗಿಸಿ, ಬಡಿದು, ಹದ ಮಾಡುವ ಇಡೀ ವಿಧಾನ. ಒಂದೇ ಎರಕದ ಎರಡು ತುಂಡುಗಳೂ ಸರಿಯಾಗಿ ಒಂದೇ ಭಾರಕ್ಕೆ ಹರಿಯುವುದಿಲ್ಲ. ‘ನೂರರಲ್ಲಿ ತೊಂಬತ್ತೊಂಬತ್ತು ಇದಕ್ಕಿಂತ ಗಟ್ಟಿ’ ಎಂದು ಶೇ 95ರ ಭರವಸೆಯಿಂದ ಹೇಳಬೇಕಾದರೆ, ಬೇರೇನನ್ನೂ ಊಹಿಸಿಕೊಳ್ಳದಿದ್ದರೆ, ಕನಿಷ್ಠ 299 ತುಂಡು ಮುರಿದು ಅವುಗಳಲ್ಲಿ ತೀರಾ ದುರ್ಬಲವಾದದ್ದರ ಅಂಕಿಯನ್ನು ಹಿಡಿಯಬೇಕು. 0.99ನ್ನು 299 ಸಲ ಗುಣಿಸಿದಾಗಲೇ ಉತ್ತರ 0.05ರ ಕೆಳಗಿಳಿಯುವುದು, 298 ಸಾಲದು. ಇದು ಎಳೆದು ಹರಿಯುವ ಪರೀಕ್ಷೆಯ ಲೆಕ್ಕ ಮಾತ್ರ. ಕಾದ ಲೋಹ ಭಾರ ಹೊತ್ತು ನಿಧಾನವಾಗಿ ಉದ್ದವಾಗುವುದನ್ನು ಹತ್ತು ಸಾವಿರ ಗಂಟೆ ಕಾದು ನೋಡಿದರೆ ಹದಿನಾಲ್ಕು ತಿಂಗಳು ಹೋಗುತ್ತದೆ.

ಕಂಪ್ಯೂಟರ್ ಲೆಕ್ಕದಿಂದ ಇದನ್ನೆಲ್ಲ ಮೊಟಕುಗೊಳಿಸಬಾರದೇ? ಸಾವಿರ ಸೂತ್ರಗಳಲ್ಲಿ ಹತ್ತನ್ನು ಆರಿಸಿಕೊಳ್ಳುವ ಮಟ್ಟಿಗೆ ಖಂಡಿತ ಆದೀತು, ಆಗಬೇಕು ಕೂಡ. ಆದರೆ ನಾಳೆಯ ಕುಲುಮೆಗೆ ಗಾಳಿ ನುಸುಳೀತೇ ಎಂಬುದನ್ನು ಸೂತ್ರದ ಲೆಕ್ಕ ಹೇಳಲಾರದು. ಒಪ್ಪಿಗೆ ವಿಧಾನಕ್ಕೇ ಎನ್ನಲು ನಮ್ಮಲ್ಲೇ ಒಂದು ಉದಾಹರಣೆ ಇದೆ. ಜಾಗ್ವಾರ್ ವಿಮಾನದ ಅಡೋರ್ ಎಂಜಿನ್ನಿಗಾಗಿ ಹೈದರಾಬಾದಿನ ಲೋಹ ಪ್ರಯೋಗಾಲಯ ಡಿಎಂಆರ್‌ಎಲ್ 2000 ಟನ್ ಪ್ರೆಸ್ಸಿನಲ್ಲಿ ಅಧಿಕ ಒತ್ತಡದ ಕಂಪ್ರೆಸರಿನ ಐದೂ ಹಂತದ ಟೈಟೇನಿಯಂ ಡಿಸ್ಕುಗಳನ್ನು ಮಾಡಿದ್ದನ್ನು 2021ರಲ್ಲಿ ಪ್ರಕಟಿಸಿತು. ವಿಶೇಷ ಲೋಹಗಳ ಕಾರ್ಖಾನೆ ಮಿಧಾನಿಯೂ ಬೆಂಗಳೂರಿನ ಎಚ್‌ಎಎಲ್ಲೂ ಅದರಲ್ಲಿ ಜೊತೆಗಿದ್ದವು. ಹಾರಾಟ ಯೋಗ್ಯತೆಯ ಸಂಸ್ಥೆಗಳು ಒಪ್ಪಿಗೆ ಕೊಟ್ಟದ್ದು ಆ ಬಡಿಯುವ ವಿಧಾನಕ್ಕೆ.